ಇಂಗ್ಲಿಷ್ ಮಾತು ಕಲಿಸಲು ಪಾತ್ರಾಭಿನಯ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಇಂಗ್ಲಿಷ್ ಶಿಕ್ಷಕರು ಮತ್ತು ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳು ಇವು. ಉತ್ತರಗಳು ಒಂದೇ ಅಳತೆಯವಲ್ಲ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವನ್ನು ಬಿಡಿಸಿ ಹೇಳದೆ ಗತ್ಯಂತರವಿಲ್ಲ.

ಪಾತ್ರಾಭಿನಯ ಎಂದರೆ ನಾಟಕ ಆಡಿಸುವುದೇ?

ಅಲ್ಲ. ಆದರೆ ನಮ್ಮ ಭಾಗದಲ್ಲಿ ಈ ಗೊಂದಲ ಸಹಜ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ಜಾತ್ರೆ ಬಂತೆಂದರೆ ಇಂದಿಗೂ ನಾಟಕ ಕಂಪನಿಗಳು ಬೀಡುಬಿಡುತ್ತವೆ, ಊರ ಹುಡುಗರೇ ಸೇರಿ ಸಾಮಾಜಿಕ ನಾಟಕ ಆಡುವುದು ನಮ್ಮ ಹಳ್ಳಿಗಳಲ್ಲಿ ಸುದ್ದಿಯೇ ಅಲ್ಲ. ಹಾಗಾಗಿ ತರಬೇತಿಯಲ್ಲಿ ‘ರೋಲ್ ಪ್ಲೇ ಮಾಡಿಸಿ’ ಎಂದು ಹೇಳಿದ ಕೂಡಲೇ ಶಿಕ್ಷಕರ ಕೈ ಸಂಭಾಷಣೆ ಬರೆಯಲು ಓಡುತ್ತದೆ. ಚುರುಕಾದ ನಾಲ್ವರನ್ನು ಆರಿಸಿ, ಬಾಯಿಪಾಠ ಮಾಡಿಸಿ, ಅಪ್ಪನ ಪಂಚೆ, ಅಣ್ಣನ ಕೋಟು ಉಡಿಸಿ ವಾರ್ಷಿಕೋತ್ಸವದಲ್ಲಿ ನಿಲ್ಲಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಮರುದಿನ ಅದೇ ಹುಡುಗನನ್ನು ಕರೆದು ‘ವಾಟ್ ಡಿಡ್ ಯು ಈಟ್ ದಿಸ್ ಮಾರ್ನಿಂಗ್?’ ಎಂದು ಕೇಳಿ ನೋಡಿ. ಮಿಕಿ ಮಿಕಿ ನೋಡುತ್ತಾನೆ.

ನಾಟಕದಲ್ಲಿ ಎದುರಿನ ಪಾತ್ರ ಮುಂದೇನು ಹೇಳುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ, ಮರೆತರೆ ಪರದೆಯ ಮರೆಯಿಂದ ಒಬ್ಬರು ಪಿಸುಗುಟ್ಟುತ್ತಾರೆ. ಪಾತ್ರಾಭಿನಯದಲ್ಲಿ ಅದು ಗೊತ್ತಿರಬಾರದು. ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಆ ಕ್ಷಣಕ್ಕೆ ಮಾತು ಹುಡುಕಿಕೊಳ್ಳುವ ಕೆಲಸ ಮಗುವಿನದಾಗಬೇಕು. ಈ ಒಂದು ಅಂಶ ಬಿಟ್ಟುಹೋದರೆ ಉಳಿದದ್ದೆಲ್ಲ ಕಂಠಪಾಠವೇ. ಕಂಠಪಾಠಕ್ಕೂ ಅದರದೇ ಪ್ರಯೋಜನ ಇದೆ, ನಾಲಿಗೆ ತಿರುಗುತ್ತದೆ. ಆದರೆ ಅದನ್ನು ಮಾತು ಕಲಿಸುವುದೆಂದು ಕರೆಯಬೇಡಿ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೀರಾ?

ಬ್ಯಾಡಗಿ ಕಡೆಯ ಒಂಬತ್ತನೇ ತರಗತಿ ಎಂದುಕೊಳ್ಳಿ. ಪಠ್ಯಪುಸ್ತಕಗಳಲ್ಲಿ ಬರುವ ವಿಮಾನ ನಿಲ್ದಾಣ, ಪಂಚತಾರಾ ಹೋಟೆಲು ಬಿಡಿ. ಮೆಣಸಿನಕಾಯಿ ಮಾರುಕಟ್ಟೆ ಊರಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿಯಿಂದ ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳು ಕೇರಳದಲ್ಲಿವೆ, ಖರೀದಿದಾರರು ಹೊರರಾಜ್ಯಗಳಿಂದ ಬರುತ್ತಾರೆ. ಜೋಡಿಗೆ ಎರಡು ಚೀಟಿ ಬರೆಯಿರಿ.

ಮೊದಲ ಚೀಟಿ: ನೀವು ಕೊಚ್ಚಿಯಿಂದ ಬಂದ ಖರೀದಿದಾರ. ಕನ್ನಡ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. ಚೆನ್ನಾಗಿ ಒಣಗಿದ, ಬಣ್ಣ ಗಾಢವಾಗಿರುವ 20 ಚೀಲ ಬೇಕು. ನಾಳೆ ಸಂಜೆಯೊಳಗೆ ಲಾರಿ ಹೊರಡಲೇಬೇಕು.

ಎರಡನೇ ಚೀಟಿ: ನೀವು ದಲಾಲಿ ಅಂಗಡಿಯವರು. ಡಬ್ಬಿ ತಳಿ 12 ಚೀಲ, ಕಡ್ಡಿ ತಳಿ 30 ಚೀಲ ಇವೆ. ಡಬ್ಬಿಯಲ್ಲಿ ನಾಲ್ಕು ಚೀಲ ಇನ್ನೂ ಹಸಿಯಾಗಿವೆ, ಕೇಳಿದರೆ ಮಾತ್ರ ಹೇಳಿ. ನಾಳೆ ಮಧ್ಯಾಹ್ನದ ಮೇಲೆ ಹಮಾಲರು ಸಿಗುವುದಿಲ್ಲ.

ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಬಾರದು. ಚೀಟಿ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಮಕ್ಕಳು ಅದನ್ನೇ ಓದಿಬಿಡುತ್ತಾರೆ. ಶುರುಮಾಡುವ ಮೊದಲು ಕರಿಹಲಗೆಯ ಮೇಲೆ ಬೇಕಾಗುವ ಏಳೆಂಟು ಪದ ಮತ್ತು ನಾಲ್ಕು ವಾಕ್ಯಗಳ ಮೊದಲರ್ಧ ಬರೆಯಿರಿ: ‘ಡು ಯು ಹ್ಯಾವ್...’, ‘ಕುಡ್ ಯು ಶೋ ಮಿ...’, ‘ಐ ನೀಡ್ ದೆಮ್ ಬೈ...’, ‘ಐ ಆಮ್ ಅಫ್ರೈಡ್ ವಿ ಕಾಂಟ್...’. ಎರಡು ನಿಮಿಷ ಯೋಚಿಸಲು ಬಿಡಿ. ಆಮೇಲೆ ಐದು ನಿಮಿಷ ಮಾತು.

ಏನಾಗುತ್ತದೆ? ಖರೀದಿದಾರ ‘ಟ್ವೆಂಟಿ ಬ್ಯಾಗ್ಸ್’ ಎನ್ನುತ್ತಾನೆ, ದಲಾಲ ‘ಯೆಸ್’ ಎನ್ನುತ್ತಾನೆ, ಒಂದು ನಿಮಿಷದಲ್ಲಿ ವ್ಯಾಪಾರ ಮುಗಿದುಹೋಗುತ್ತದೆ. ಹಸಿ ಚೀಲದ ವಿಷಯ ಹೊರಗೇ ಬಂದಿಲ್ಲ. ಆಗ ನಿಲ್ಲಿಸಿ, ಇಡೀ ತರಗತಿಯನ್ನು ಕೇಳಿ: ಖರೀದಿ ಮಾಡುವವರು ಚೀಲದೊಳಗೆ ಕೈ ಹಾಕದೆ ಕೊಳ್ಳುತ್ತಾರೆಯೇ? ಮಕ್ಕಳು ನಗುತ್ತಾರೆ, ಏಕೆಂದರೆ ಈ ವಿಷಯದಲ್ಲಿ ಅವರಿಗೆ ನಿಮಗಿಂತ ಹೆಚ್ಚು ಗೊತ್ತು. ಎರಡನೇ ಸುತ್ತಿನಲ್ಲಿ ‘ಈಸ್ ಇಟ್ ಡ್ರೈ?’, ‘ಆಲ್ ಬ್ಯಾಗ್ಸ್ ಡ್ರೈ?’, ‘ಓಪನ್ ದಿಸ್ ಬ್ಯಾಗ್’ ಎಲ್ಲ ಬರುತ್ತವೆ. ಹಮಾಲರ ಮಾತು ಬಂದಾಗ ‘ಟುಮಾರೋ ಆಫ್ಟರ್‌ನೂನ್ ಹಮಾಲಿ ನಾಟ್ ಕಮಿಂಗ್’ ಎಂದು ಒಬ್ಬಳು ಹೇಳಿದರೆ ಅದು ಗೆಲುವು. ಸಮಸ್ಯೆ ಎದುರಿನವನಿಗೆ ತಲುಪಿದೆ, ಲಾರಿಯನ್ನು ಬೆಳಿಗ್ಗೆಯೇ ತರಿಸುವ ಮಾತು ಶುರುವಾಗಿದೆ. ವ್ಯಾಕರಣ ಆಮೇಲೆ ನೋಡೋಣ.

ತರಗತಿಯಲ್ಲಿ ಅರವತ್ತು ಮಕ್ಕಳಿದ್ದಾರೆ. ಹೇಗೆ ಸಾಧ್ಯ?

ಲೆಕ್ಕ ಹಾಕಿ. 40 ನಿಮಿಷದ ಅವಧಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಮಾತನಾಡಿಸಿದರೆ ಒಬ್ಬರ ಪಾಲಿಗೆ 40 ಸೆಕೆಂಡು, ಅದರಲ್ಲೂ ಅರ್ಧ ಎದ್ದು ನಿಲ್ಲುವುದಕ್ಕೇ ಹೋಗುತ್ತದೆ. ಅದೇ 30 ಜೋಡಿಗಳು ಏಕಕಾಲಕ್ಕೆ ಹತ್ತು ನಿಮಿಷ ಮಾತನಾಡಿದರೆ ಪ್ರತಿ ಮಗುವಿಗೂ ಸುಮಾರು ಐದು ನಿಮಿಷ ಸಿಗುತ್ತದೆ. ದೊಡ್ಡ ತರಗತಿ ಎಂಬ ಕಾರಣಕ್ಕೇ ಈ ವಿಧಾನ ಬೇಕು.

ಬೆಂಚುಗಳನ್ನು ಎಳೆದಾಡಬೇಡಿ. ಒಂದು ಬಿಟ್ಟು ಒಂದು ಬೆಂಚಿನವರು ಹಿಂದಕ್ಕೆ ತಿರುಗಿ ಕುಳಿತರೆ ಮುಗಿಯಿತು. ಒಬ್ಬರು ಹೆಚ್ಚಾದರೆ ಅವರನ್ನು ಮೂರನೆಯವರಾಗಿ ಸೇರಿಸಿ. ಖರೀದಿದಾರನ ಜೊತೆ ಬಂದ ಗುಮಾಸ್ತ, ಅಂಗಡಿಯವನ ತಮ್ಮ, ಏನಾದರೂ ಆಗಬಹುದು. ನೀವು ಎಲ್ಲರ ಮಾತು ಕೇಳಲು ಹೊರಡಬೇಡಿ, ಆಗದ ಕೆಲಸ. ಇವತ್ತು ಕಿಟಕಿ ಸಾಲಿನ ಐದಾರು ಜೋಡಿ, ನಾಳೆ ಬಾಗಿಲ ಕಡೆಯವು.

ಮಕ್ಕಳು ತಕ್ಷಣ ಕನ್ನಡಕ್ಕೆ ಜಾರುತ್ತಾರೆ. ತಡೆಯುವುದು ಹೇಗೆ?

ಮೊದಲು ನಿಮ್ಮ ಸನ್ನಿವೇಶವನ್ನೇ ಪರೀಕ್ಷಿಸಿ. ರಾಣೆಬೆನ್ನೂರಿನ ತಾಯಿ ಮಗಳು ಅಡುಗೆಮನೆಯಲ್ಲಿ ಇಂಗ್ಲಿಷಿನಲ್ಲಿ ಮಾತನಾಡುವ ಪಾತ್ರ ಕೊಟ್ಟರೆ ಮಕ್ಕಳು ಕನ್ನಡಕ್ಕೆ ಜಾರುವುದು ತಪ್ಪಲ್ಲ, ವಿವೇಕ. ಕನ್ನಡ ಬಾರದ ಒಬ್ಬರು ಸನ್ನಿವೇಶದಲ್ಲಿ ಇರಲೇಬೇಕು. ನಮ್ಮಲ್ಲಿ ಅಂಥವರಿಗೆ ಬರವಿಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಧಾರವಾಡಕ್ಕೆ 2016ರಲ್ಲಿ ಐಐಟಿ ಬಂದಿದೆ. ತಮಿಳುನಾಡಿನ ವಿದ್ಯಾರ್ಥಿಯೊಬ್ಬ ಲೈನ್ ಬಜಾರಿಗೆ ಬಂದು ಊರಿಗೆ ಒಯ್ಯಲು ಪೇಢೆ ಕೇಳುತ್ತಾನೆ. ಎಷ್ಟು ದಿನ ಕೆಡದೆ ಇರುತ್ತದೆ, ಪ್ರಯಾಣಕ್ಕೆ ಹೇಗೆ ಕಟ್ಟಿಕೊಡುತ್ತೀರಿ ಎಂಬುದು ಅವನ ಚಿಂತೆ. ಇದು ನಡೆಯುವ ಮಾತು.

ಹುಬ್ಬಳ್ಳಿ ನಿಲ್ದಾಣವಂತೂ ಇಂಥ ಪಾಠಕ್ಕೆಂದೇ ಕಟ್ಟಿದಂತಿದೆ. ಅಲ್ಲಿನ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್, 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಒಂದೂವರೆ ಕಿಲೋಮೀಟರ್ ಉದ್ದದ ಜಾಗದಲ್ಲಿ ‘ನನ್ನ ಬೋಗಿ ಎಲ್ಲಿ ನಿಲ್ಲುತ್ತದೆ?’ ಎಂದು ಕೇಳದೆ ಯಾರಿಗೂ ಗತಿಯಿಲ್ಲ. ಒಬ್ಬಳ ಕೈಯಲ್ಲಿ ಟಿಕೆಟ್, ಇನ್ನೊಬ್ಬಳ ಕೈಯಲ್ಲಿ ಬೋಗಿಗಳ ಕ್ರಮ ಬರೆದ ಚೀಟಿ, ರೈಲು ಹೊರಡಲು ಐದೇ ನಿಮಿಷ. ಅವಸರ ಇದ್ದಾಗ ಮಾತು ತಾನಾಗಿ ಬರುತ್ತದೆ.

ಇನ್ನೊಂದು ವಿಷಯ. ಹುಬ್ಬಳ್ಳಿಯ ಪೇಟೆ ಮಕ್ಕಳು ಜಾರುವುದು ಕನ್ನಡಕ್ಕಿಂತ ಹೆಚ್ಚಾಗಿ ಹಿಂದಿಗೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಕೇಳಿ ಬೆಳೆದವರು ಅವರು, ಹೊರಗಿನವರು ಬಂದರೆ ನಾಲಿಗೆ ತಾನಾಗಿ ಅತ್ತ ಹೊರಳುತ್ತದೆ. ಚೀಟಿಯಲ್ಲಿ ‘ಹಿಂದಿ ಬರುವುದಿಲ್ಲ’ ಎಂದು ಬರೆದದ್ದು ಅದಕ್ಕೇ. ತಯಾರಿಯ ಎರಡು ನಿಮಿಷ ಮಾತ್ರ ಯಾವ ಭಾಷೆಯಾದರೂ ನಡೆಯಲಿ. ದಂಡ, ಕಿವಿ ಹಿಂಡುವುದು, ‘ಕನ್ನಡ ಮಾತಾಡಿದರೆ ಹತ್ತು ರೂಪಾಯಿ’ ಇವು ಯಾವುವೂ ಬೇಡ. ಇಂಗ್ಲಿಷ್ ಕಲಿಸಲು ಕನ್ನಡವನ್ನು ಅಪರಾಧ ಮಾಡುವ ಶಾಲೆಗಳು ಈಗಾಗಲೇ ಸಾಕಷ್ಟಿವೆ.

ತಪ್ಪು ಮಾತನಾಡಿದಾಗ ತಿದ್ದಬೇಕೇ?

ಮಾತಿನ ನಡುವೆ ಬೇಡ. ಎದುರಿನವನಿಗೆ ಅರ್ಥವೇ ಆಗದೆ ಮಾತು ನಿಂತುಹೋದರೆ ಮಾತ್ರ ಬಾಯಿ ಹಾಕಿ. ಇಲ್ಲವಾದರೆ ಕೈಯಲ್ಲೊಂದು ಚಿಕ್ಕ ಪುಸ್ತಕ ಹಿಡಿದು, ಸಾಲುಗಳ ನಡುವೆ ಓಡಾಡುತ್ತಾ ಕೇಳಿದ್ದನ್ನು ಗುರುತು ಹಾಕಿಕೊಳ್ಳಿ.

ನಮ್ಮ ಮಕ್ಕಳ ತಪ್ಪುಗಳು ಬಹುಪಾಲು ಊಹಿಸಬಹುದಾದಂಥವು. ಪ್ರಶ್ನೆಯಲ್ಲಿ ಪದಗಳ ಸ್ಥಾನ ಕನ್ನಡದ ಜಾಡಿನಲ್ಲೇ ಉಳಿಯುತ್ತದೆ: ‘ಯು ವೇರ್ ಆರ್ ಗೋಯಿಂಗ್?’ ಕನ್ನಡದಲ್ಲಿ ಇಲ್ಲದ ‘ಎ’, ‘ದ’ ಬಿಟ್ಟುಹೋಗುತ್ತವೆ. ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ಎನ್ನುವುದು ತಪ್ಪುವುದೇ ಇಲ್ಲ. ಇವುಗಳಲ್ಲಿ ಒಂದು ದಿನಕ್ಕೆ ಎರಡೋ ಮೂರೋ ಸಾಕು. ಹೆಸರು ಹೇಳದೆ ಹಲಗೆಯ ಮೇಲೆ ಬರೆದು, ‘ಇದನ್ನು ಯಾರು ಸರಿಪಡಿಸುತ್ತೀರಿ?’ ಎಂದು ಕೇಳಿ.

ಆಮೇಲೆ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಒಂದಿದೆ: ಅದೇ ಸನ್ನಿವೇಶವನ್ನು ಜೋಡಿ ಬದಲಿಸಿ ಮತ್ತೊಮ್ಮೆ ಆಡಿಸುವುದು. ಮೊದಲ ಸಲ ಮಗುವಿನ ಗಮನವೆಲ್ಲ ಏನು ಹೇಳಲಿ ಎಂಬುದರಲ್ಲೇ ಕಳೆದುಹೋಗುತ್ತದೆ. ಎರಡನೇ ಸಲ ವಿಷಯ ಗೊತ್ತಿರುವುದರಿಂದ ಹೇಗೆ ಹೇಳಲಿ ಎಂಬುದಕ್ಕೆ ಜಾಗ ಸಿಗುತ್ತದೆ. ತಿದ್ದಿದ್ದು ನಾಲಿಗೆಗೆ ಇಳಿಯುವುದು ಈ ಎರಡನೇ ಸುತ್ತಿನಲ್ಲಿ. ಸಮಯ ಸಾಲದಿದ್ದರೆ ಹೊಸ ಸನ್ನಿವೇಶ ಕೈಬಿಡಿ, ಇದನ್ನು ಬಿಡಬೇಡಿ.

ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ. ನಾನು ಹೇಗೆ ಕಲಿಸಲಿ?

ಈ ಪ್ರಶ್ನೆ ಯಾವಾಗಲೂ ಎಲ್ಲರೂ ಹೋದ ಮೇಲೆ, ದನಿ ತಗ್ಗಿಸಿ ಬರುತ್ತದೆ. ಕನ್ನಡ ಮಾಧ್ಯಮದಲ್ಲೇ ಓದಿ, ಎಲ್ಲ ವಿಷಯಗಳ ಜೊತೆಗೆ ಇಂಗ್ಲಿಷನ್ನೂ ಹೆಗಲಿಗೇರಿಸಿಕೊಂಡ ಪ್ರಾಥಮಿಕ ಶಿಕ್ಷಕರು ಕೇಳುವ ನ್ಯಾಯವಾದ ಪ್ರಶ್ನೆ ಅದು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಾಗ ಈ ಭಾರ ಬಿದ್ದದ್ದು ಅವರ ಮೇಲೆಯೇ.

ನಿಜ ಹೇಳಬೇಕೆಂದರೆ, ಅರ್ಧ ಗಂಟೆ ಇಂಗ್ಲಿಷಿನಲ್ಲಿ ಉಪನ್ಯಾಸ ಮಾಡುವುದಕ್ಕಿಂತ ಪಾತ್ರಾಭಿನಯ ಮಾಡಿಸುವುದು ನಿಮಗೆ ಸುಲಭ. ಒಂದು ಸನ್ನಿವೇಶಕ್ಕೆ ಹತ್ತು ಹನ್ನೆರಡು ವಾಕ್ಯ ಗಟ್ಟಿಯಾಗಿ ಗೊತ್ತಿದ್ದರೆ ಸಾಕು, ಅದನ್ನು ಹಿಂದಿನ ರಾತ್ರಿ ಕುಳಿತು ಸಿದ್ಧಮಾಡಿಕೊಳ್ಳಬಹುದು. ಮೊಬೈಲಿನ ನಿಘಂಟಿನಲ್ಲಿ ಉಚ್ಚಾರಣೆ ಕೇಳಿಸಿಕೊಳ್ಳಿ. ಮಗು ನಿಮಗೆ ಗೊತ್ತಿಲ್ಲದ ಪದ ಕೇಳಿದರೆ ‘ಲೆಟ್ ಅಸ್ ಫೈಂಡ್ ಔಟ್’ ಎನ್ನಿ. ಗೊತ್ತಿಲ್ಲದ್ದನ್ನು ಸುತ್ತಿ ಬಳಸಿ ಹೇಳುವುದೂ ಮಾತಿನ ಕೌಶಲವೇ, ಅದನ್ನು ನೀವು ಮಾಡಿ ತೋರಿಸಿದಂತಾಯಿತು. ದೀರ್ಘ ತರಬೇತಿ ಬೇಕೆಂದರೆ 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇರುವುದೇ ಶಿಕ್ಷಕರಿಗಾಗಿ.

ಬಾಯಿ ಬಿಡದ ಮಗುವನ್ನು ಏನು ಮಾಡಬೇಕು?

ಎಲ್ಲರ ಮುಂದೆ ನಿಲ್ಲಿಸಬೇಡಿ, ಅಷ್ಟೇ ಮುಖ್ಯ. ಮೂವತ್ತು ಜೋಡಿಗಳ ಗದ್ದಲದಲ್ಲಿ ಅವಳ ಮಾತು ಒಬ್ಬಳೇ ಗೆಳತಿಗೆ ಕೇಳಿಸುತ್ತದೆ, ಅದೇ ದೊಡ್ಡ ಧೈರ್ಯ. ಫೋನ್ ಸಂಭಾಷಣೆ ಕೊಟ್ಟು ಇಬ್ಬರನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಮುಖ ಕಾಣದಿದ್ದರೆ ಸಂಕೋಚ ಅರ್ಧ ಇಳಿಯುತ್ತದೆ, ಕೈಸನ್ನೆಯ ಆಸರೆ ತಪ್ಪುವುದರಿಂದ ಮಾತೂ ಸ್ಪಷ್ಟವಾಗುತ್ತದೆ. ಮೊದಲ ಕೆಲವು ಸಲ ಕಡಿಮೆ ಮಾತಿನ ಪಾತ್ರ ಕೊಡಿ, ಆದರೆ ಯಾವಾಗಲೂ ಅದನ್ನೇ ಅಲ್ಲ.

ಹಳ್ಳಿ ಶಾಲೆಗಳಲ್ಲಿ ಹುಡುಗ ಹುಡುಗಿಯರ ಜೋಡಿ ಮಾಡುವ ಹಟ ಬೇಡ. ಗೇಲಿ ಶುರುವಾದರೆ ಇಂಗ್ಲಿಷ್ ಅಲ್ಲಿಗೇ ಮುಗಿಯಿತು.

ಕೊಡಬಾರದ ಪಾತ್ರಗಳು ಇವೆಯೇ?

ಇವೆ. ಜಾತಿ, ಮೈಬಣ್ಣ, ಅಂಗವೈಕಲ್ಯ, ಇನ್ನೊಬ್ಬರ ಮಾತಿನ ಧಾಟಿ ಇವನ್ನು ನಗೆಗೆ ಎಳೆಯುವ ಯಾವುದೂ ಬೇಡ. ಇದಕ್ಕಿಂತ ಸೂಕ್ಷ್ಮವಾದದ್ದು ಹಂಚಿಕೆ. ಡಾಕ್ಟರು, ಮ್ಯಾನೇಜರು, ಸಾಹುಕಾರ ಪ್ರತಿಸಲವೂ ಮುಂದಿನ ಬೆಂಚಿಗೆ, ರೋಗಿ, ಜವಾನ, ಗಿರಾಕಿ ಹಿಂದಿನ ಬೆಂಚಿಗೆ ಹೋಗುತ್ತಿವೆಯೇ ನೋಡಿ. ಚೀಟಿಗಳನ್ನು ಬೋರಲು ಹಾಕಿ ಎತ್ತಿಸಿದರೆ ಈ ಪಕ್ಷಪಾತ ತಾನಾಗಿ ಹೋಗುತ್ತದೆ.

ದೊಡ್ಡವರಿಗೆ, ಕೆಲಸ ಹುಡುಕುವವರಿಗೆ ಇದು ನಡೆಯುತ್ತದೆಯೇ?

ಮಕ್ಕಳಿಗಿಂತ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅವರಿಗೆ ಅಗತ್ಯ ಎದುರಿಗೇ ಇದೆ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರನ್ನು ನೋಡಿ. ಓದಿದರೆ ಅರ್ಥವಾಗುತ್ತದೆ, ಬರೆಯುತ್ತಾರೆ, ಸಂದರ್ಶನದ ಕುರ್ಚಿಯಲ್ಲಿ ಕುಳಿತರೆ ಗಂಟಲು ಕಟ್ಟುತ್ತದೆ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬುದಕ್ಕೆ ಎಲ್ಲರ ಬಳಿಯೂ ಒಂದೇ ಬಾಯಿಪಾಠದ ಉತ್ತರ ಇರುತ್ತದೆ, ಆ ಉತ್ತರದ ಮೇಲೆ ಬರುವ ಎರಡನೇ ಪ್ರಶ್ನೆಗೆ ಇರುವುದಿಲ್ಲ. ಅಣಕು ಸಂದರ್ಶನದಲ್ಲಿ ಅಭ್ಯಾಸ ಮಾಡಿಸಬೇಕಾದದ್ದು ಆ ಎರಡನೇ ಪ್ರಶ್ನೆಯನ್ನು.

ಅದಕ್ಕಿಂತ ಫಲ ಕೊಡುವ ಉಪಾಯವೆಂದರೆ ಅಭ್ಯರ್ಥಿಯನ್ನೇ ಮೇಜಿನ ಆಚೆ ಕೂರಿಸುವುದು. ಪ್ರಶ್ನೆ ಕೇಳುವವರಾದಾಗ ಉತ್ತರವನ್ನು ಕಿವಿಗೊಟ್ಟು ಕೇಳಲೇಬೇಕು, ಅದರ ಎಳೆ ಹಿಡಿದು ಮುಂದೆ ಕೇಳಬೇಕು. ಉದ್ದುದ್ದ ಉತ್ತರ ಎಷ್ಟು ಬೇಸರ ತರುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ.

ಉದ್ಯೋಗದಲ್ಲಿ ಇರುವವರಿಗೆ ಅವರದೇ ದಿನಚರಿಯಿಂದ ಸನ್ನಿವೇಶ ಕೇಳಿ ಪಡೆಯಿರಿ. ಆಸ್ಪತ್ರೆಯ ದಾದಿ ಬೇರೆ ರಾಜ್ಯದ ರೋಗಿಗೆ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೋ ನಂತರವೋ ಎಂದು ಹೇಳಬೇಕು, ಗದಗ-ಬೆಟಗೇರಿಯ ಸೀರೆ ಅಂಗಡಿಯವರು ಬಣ್ಣ ಬಿಟ್ಟಿತೆಂಬ ದೂರನ್ನು ಫೋನಿನಲ್ಲಿ ಸಂಭಾಳಿಸಬೇಕು. ಇಲ್ಲಿ ವಿನಯದ ಪಾಠವೂ ಸೇರಿಕೊಳ್ಳುತ್ತದೆ. ‘ನೀವು’, ‘ಕೊಡಿ’ ಎಂದ ಕೂಡಲೇ ನಮ್ಮ ಮಾತಿನಲ್ಲಿ ಗೌರವ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಅನುಕೂಲ ಇಲ್ಲದ್ದರಿಂದ ‘ಗಿವ್ ಯುವರ್ ಬಿಲ್’ ಎನ್ನುವ ಸಭ್ಯಸ್ಥ ಅಂಗಡಿಕಾರ ಗಿರಾಕಿಯ ಕಿವಿಗೆ ಒರಟನಾಗಿ ಕೇಳಿಸುತ್ತಾನೆ. ‘ಕುಡ್ ಐ ಸೀ ದ ಬಿಲ್, ಪ್ಲೀಸ್?’ ಎಂಬುದನ್ನು ನಿಯಮವಾಗಿ ಹೇಳುವ ಬದಲು, ಸಿಟ್ಟಿಗೆದ್ದ ಗಿರಾಕಿಯ ಪಾತ್ರವನ್ನು ನೀವೇ ವಹಿಸಿ.

ಎಸ್ಸೆಸ್ಸೆಲ್ಸಿಗೆ ಇದರಿಂದ ಏನು ಉಪಯೋಗ?

ನೇರವಾಗಿ ಸ್ವಲ್ಪವೇ. ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಮಾತು ಲೆಕ್ಕಕ್ಕೆ ಬರುವುದು ಆ 20ರೊಳಗೆ ಮಾತ್ರ. ಆದರೆ ಒಂದು ಮಾತಿನ ಉದ್ದೇಶ ಏನು, ಅನುಮತಿ ಕೇಳುವುದೋ, ಸಲಹೆ ಕೊಡುವುದೋ, ಅಭಿಪ್ರಾಯ ಹೇಳುವುದೋ ಎಂದು ಗುರುತಿಸುವ ಪ್ರಶ್ನೆ ಬರುತ್ತದಲ್ಲ, ಆಡಿ ಗೊತ್ತಿದ್ದ ಮಗು ಅದಕ್ಕೆ ತಡಕಾಡುವುದಿಲ್ಲ. ಫೆಬ್ರುವರಿಯಲ್ಲಿ ಇದಕ್ಕೆ ಕೈಹಾಕಬೇಡಿ. ಎಂಟು, ಒಂಬತ್ತನೇ ತರಗತಿಯಲ್ಲಿ ಮುಗಿಸಿಕೊಳ್ಳಿ.

ಅಂಕ ಕೊಡುವುದು ಹೇಗೆ?

ಕೆಲಸ ಆಯಿತೇ? ಅರ್ಥವಾಗದಿದ್ದಾಗ ಮತ್ತೆ ಕೇಳಿದಳೇ? ಮಾತು ಎದುರಿನವರಿಗೆ ತಿಳಿಯುವಂತಿತ್ತೇ? ಈ ಮೂರು ಸಾಕು. ವೇಷಕ್ಕೆ, ಹಾವಭಾವಕ್ಕೆ ಅಂಕ ಇಟ್ಟರೆ ಮತ್ತೆ ನಾಟಕಕ್ಕೇ ಮರಳುತ್ತೀರಿ. ‘ಎಗ್’ ಎನ್ನಲು ‘ಯೆಗ್’ ಎಂದದ್ದಕ್ಕೆ ಕಳೆಯಬೇಡಿ, ‘ಥರ್ಟೀನ್’, ‘ಥರ್ಟಿ’ ಅದಲು ಬದಲಾದರೆ ಕಳೆಯಿರಿ, ವ್ಯಾಪಾರ ಕೆಡುತ್ತದೆ.

ಈ ವಿಧಾನ ಎಲ್ಲಿಂದ ಬಂತು? ನಮ್ಮ ನೆಲದಲ್ಲಿ ಪರೀಕ್ಷೆಯಾಗಿದೆಯೇ?

ವ್ಯಾಕರಣ ತಿಳಿದಿದ್ದರಷ್ಟೇ ಸಾಲದು, ಯಾರಿಗೆ ಯಾವಾಗ ಹೇಗೆ ಮಾತನಾಡಬೇಕೆಂದು ತಿಳಿದಿರಬೇಕು ಎಂಬ ವಾದವನ್ನು ಅಮೆರಿಕದ ಭಾಷಾವಿಜ್ಞಾನಿ ಡೆಲ್ ಹೈಮ್ಸ್ 1972ರ ಪ್ರಬಂಧದಲ್ಲಿ ಮುಂದಿಟ್ಟರು. ಅದರ ಬೆನ್ನಿಗೆ ಬಂದ ಸಂವಹನ ಆಧಾರಿತ ಬೋಧನೆಯಲ್ಲಿ ಪಾತ್ರಾಭಿನಯಕ್ಕೆ ದೊಡ್ಡ ಸ್ಥಾನ ಸಿಕ್ಕಿತು. ನಮ್ಮಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಯೋಜನೆ’ ಎಂದೇ ಜಗತ್ತಿಗೆ ಪರಿಚಿತ. ಒಬ್ಬರ ಬಳಿ ಇರುವ ಮಾಹಿತಿ ಇನ್ನೊಬ್ಬರ ಬಳಿ ಇಲ್ಲದ ಚಟುವಟಿಕೆ, ತರ್ಕ ಬೇಡುವ ಚಟುವಟಿಕೆ, ಅಭಿಪ್ರಾಯ ಬೇಡುವ ಚಟುವಟಿಕೆ ಎಂಬ ವಿಂಗಡಣೆ ಅವರದು. ಮೇಲಿನ ಮೆಣಸಿನಕಾಯಿ ಚೀಟಿಗಳು ಮೊದಲನೇ ಬಗೆಯವು.

ಸ್ವಾರಸ್ಯವೆಂದರೆ, ಮಕ್ಕಳನ್ನು ಗುಂಪು ಮಾಡಿ ಮಾತನಾಡಿಸುವುದನ್ನು ಪ್ರಭು ಅಷ್ಟಾಗಿ ಮೆಚ್ಚಲಿಲ್ಲ. ಕಲಿಯುವವರು ಪರಸ್ಪರರ ಅರೆಬರೆ ಇಂಗ್ಲಿಷನ್ನೇ ಕೇಳಿ ಅದನ್ನೇ ಗಟ್ಟಿಮಾಡಿಕೊಳ್ಳುತ್ತಾರೆ ಎಂಬ ಅಳುಕು ಅವರಿಗಿತ್ತು. ತಳ್ಳಿಹಾಕುವ ಮಾತಲ್ಲ ಅದು. ಜೋಡಿಗಳನ್ನು ಬಿಟ್ಟು ಶಿಕ್ಷಕರು ಹಾಜರಾತಿ ಬರೆಯುತ್ತಾ ಕುಳಿತರೆ ಆಗುವುದು ಅದೇ. ಮೊದಲ ಸುತ್ತಿಗೂ ಎರಡನೇ ಸುತ್ತಿಗೂ ನಡುವೆ ನಿಮ್ಮ ಬಾಯಿಂದ ಸರಿಯಾದ ಮಾದರಿ ಅವರ ಕಿವಿಗೆ ಬೀಳಲೇಬೇಕು.

ಮೊಬೈಲಿನ ಕೃತಕ ಬುದ್ಧಿಮತ್ತೆಯ ಜೊತೆ ಮಾತನಾಡಿಸಿದರೆ ಸಾಲದೇ?

ಮನೆಯ ಅಭ್ಯಾಸಕ್ಕೆ ಒಳ್ಳೆಯದು, ಎಷ್ಟು ಸಲ ಕೇಳಿದರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಟಿಕೆಟ್ ಕಿಟಕಿಯ ಆಚೆ ಇರುವವರು ಬೇಸರ ಮಾಡಿಕೊಳ್ಳುತ್ತಾರೆ, ನಡುವೆ ಬಾಯಿ ಹಾಕುತ್ತಾರೆ, ಹಿಂದೆ ಸಾಲು ಗೊಣಗುತ್ತಿರುತ್ತದೆ. ಅದಕ್ಕೆ ಮನುಷ್ಯರೇ ಬೇಕು.

ಏನೇನು ಸಾಮಗ್ರಿ ಬೇಕು?

ಹಳೆಯ ಲಗ್ನಪತ್ರಿಕೆಗಳ ಖಾಲಿ ಹಿಂಬದಿ ಚೀಟಿಗೆ ಹೇಳಿ ಮಾಡಿಸಿದಂತಿರುತ್ತದೆ. ಗದಗಿನವರಿಗಂತೂ ಮುದ್ರಣಾಲಯಗಳಲ್ಲಿ ಕತ್ತರಿಸಿ ಉಳಿದ ದಪ್ಪ ಕಾಗದ ಕೇಳಿದರೆ ಸಿಗುತ್ತದೆ. ಒಮ್ಮೆ ಬರೆದ ಚೀಟಿಗಳನ್ನು ಸನ್ನಿವೇಶದ ಹೆಸರು ಬರೆದ ಲಕೋಟೆಯಲ್ಲಿ ಹಾಕಿಡಿ, ಮುಂದಿನ ವರ್ಷಕ್ಕೂ ಆಗುತ್ತವೆ.

ಗದ್ದಲವಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಒಪ್ಪುವುದಿಲ್ಲ. ಏನು ಮಾಡಲಿ?

ಗದ್ದಲ ಆಗಿಯೇ ಆಗುತ್ತದೆ, ಅದನ್ನು ಮೊದಲೇ ಹೇಳಿಬಿಡಿ. ಪಕ್ಕದ ಕೊಠಡಿಯಲ್ಲಿ ಗಣಿತದ ಕಿರುಪರೀಕ್ಷೆ ನಡೆಯುವ ದಿನ ಬಿಡಿ, ಕೊನೆಯ ಅವಧಿ ಕೇಳಿಕೊಳ್ಳಿ, ಮಳೆಯಿಲ್ಲದಿದ್ದರೆ ಬೇವಿನ ಮರದ ಕೆಳಗೆ ಕೂರಿಸಿ. ಹತ್ತು ನಿಮಿಷವಾದ ಕೂಡಲೇ ನಿಲ್ಲಿಸಲು ಒಂದು ಗುರುತು ರೂಢಿಸಿ: ನೀವು ಕೈ ಎತ್ತಿದರೆ ನೋಡಿದವರೆಲ್ಲ ಕೈ ಎತ್ತಿ ಸುಮ್ಮನಾಗುವುದು. ಇಷ್ಟಾದರೂ ಒಪ್ಪದಿದ್ದರೆ ಮುಖ್ಯೋಪಾಧ್ಯಾಯರಿಗೇ ನಿಲ್ದಾಣದ ಅಧಿಕಾರಿಯ ಚೀಟಿ ಕೊಟ್ಟು, ಬೋಗಿ ತಪ್ಪಿಸಿಕೊಂಡ ಏಳನೇ ತರಗತಿಯವರನ್ನು ಅವರ ಬಳಿ ಕಳುಹಿಸಿ.